ಲೇಸರ್ ಆದ ಸಂಜೆ ಮೆಣಸಿನಕಾಯಿ

ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಾಗ, ಧಾರವಾಡದವರಾದ ನಮ್ಮತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನಗೆ ನಿವಾಳಿಸಿ, ಅವನ್ನು ಗ್ಯಾಸಿನ ಮೇಲೆ ಸುಡಲು ಹೊರಟರು.

“ಕಣ್ಣಿಗೆ ಹೊಗಿ ತಾಗಬಾರದಂತ ಡಾಕ್ಟರ್ ಹೇಳ್ಯಾರ್ರಿ, ಅತ್ತಿ.”

“ಸುಡದಿದ್ರ ನಿವಾಳಿಸಿದ್ದು ಹೆಂಗ ಮುಗೀತದ?” ಎಂದವರು ಕಡ್ಡಿಪೆಟ್ಟಿಗೆ ತೆಗೆದುಕೊಂಡು ಕೆಳಗಿಳಿದರು.

ಆಪರೇಷನ್ನಿನಲ್ಲಿ ನೋವೇನೂ ಆಗಿರಲಿಲ್ಲ. ಹಸಿರು ಚುಕ್ಕೆಯನ್ನೇ ನೋಡುತ್ತ ಮಲಗಿದ್ದೆ. ಕೂದಲು ಸುಟ್ಟಂಥ ವಾಸನೆ ಬಂತು, ಅಷ್ಟೆ. ಉರಿ ಶುರುವಾಗಿದ್ದು ಆಮೇಲೆ. ಎಲ್ಲವೂ ತುಸು ಮಂಜಾಗಿತ್ತು. ಅತ್ತೆ ಇನ್ನೂ ಬರಲಿಲ್ಲವೆಂದು ಗ್ಯಾಲರಿಯಿಂದ ಬಗ್ಗಿ ನೋಡಿದೆ. ಪಾರ್ಕಿಂಗಿನ ಮೂಲೆಯಲ್ಲಿ ಒಬ್ಬರೇ ಕೂತು ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕನ್ನಡಕವಿಲ್ಲದೆ ಅಷ್ಟು ದೂರದಿಂದ ನಾನು ಗುರುತು ಹಿಡಿದ ಮೊದಲ ಮುಖ ಅದು.