ಹಾಲಸ್ವಾಮಿ ಓದಿದ ಸಾವು

ಕೊಟ್ಟೂರಿನಲ್ಲಿ ಒಬ್ಬರು ಸಾಯಬೇಕೆಂದರೆ ಎರಡು ಸಲ ಸಾಯಬೇಕಿತ್ತು. ಒಮ್ಮೆ ಮನೆಯಲ್ಲಿ, ಇನ್ನೊಮ್ಮೆ ಹಾಲಸ್ವಾಮಿಯ ಬಾಯಲ್ಲಿ. ಡಾಕ್ಟರು ಕೈ ಚೆಲ್ಲಿದರೂ ನೆಂಟರು ‘ನೋಡೋಣ ತಡೀರಿ’ ಎನ್ನುತ್ತಿದ್ದರು. ಸಂಜೆ ಆರೂವರೆಗೆ ರೇಡಿಯೋದಲ್ಲಿ ಹಾಲಸ್ವಾಮಿ ಹೆಸರು ಓದಿದ ಮೇಲೆಯೇ ಅಂಗಡಿಯ ಬಾಗಿಲೆಳೆದು, ಹೆಗಲಿಗೆ ಟವೆಲ್ ಹಾಕಿಕೊಂಡು ಬಸ್ ಹತ್ತುತ್ತಿದ್ದರು.

ಆ ದನಿ ಮೊದಲು ಮೈಕ್‌ಸೆಟ್ ಅಂಗಡಿಯದು. ಹರೆಯದಲ್ಲಿ ಹಾಲಸ್ವಾಮಿ ಆಟೋದಲ್ಲಿ ಕೂತು ಬೆಳಿಗ್ಗೆ ಟಾಕೀಸಿನ ಹೊಸ ಸಿನಿಮಾ, ಮಧ್ಯಾಹ್ನ ಸೀರೆ ರಿಯಾಯಿತಿ, ಸಂಜೆ ಯಾರೋ ಸತ್ತವರ ಮಣ್ಣು ಎಂದು ಓಣಿ ಓಣಿ ಕೂಗಿಕೊಂಡು ತಿರುಗಿದವನು. ಮೂರಕ್ಕೂ ಒಂದೇ ಗಂಟಲು. ಆದರೂ ಸೀರೆ ಕೊಳ್ಳಲು ಹೋದವರು ಯಾರೂ ಮಣ್ಣಿಗೆ ಹೋಗಿ ನಿಂತಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಸಮುದಾಯ ರೇಡಿಯೋ ಶುರುವಾದಾಗ ಕಮಿಟಿಯವರು ಆ ಗಂಟಲನ್ನು ಕರೆದು ಒಳಗೆ ಕೂರಿಸಿದರು. ಮಧ್ಯಾಹ್ನ ಕೇಳಿದವರಿಗೆ ಕೇಳಿದ ಹಾಡು, ಸಂಜೆ ಸಾವಿನ ಸುದ್ದಿ.

ಸಾವಿನ ವಿಷಯದಲ್ಲಿ ಅವನದೊಂದು ಕಟ್ಟುನಿಟ್ಟಿತ್ತು. ಸತ್ತವರ ಕಡೆಯಿಂದ ಇಬ್ಬರು ಬಂದು ಎದುರು ನಿಂತು ಹೇಳಬೇಕು. ಫೋನಿನ ಮಾತು ನಡೆಯದು. ಆಮೇಲೆ ಅದನ್ನು ಆರೂವರೆಗೆ ತಾನೇ ಮೈಕಿನ ಮುಂದೆ ಕೂತು ಓದಬೇಕು. ಹಾಡು ಬೇಕಾದರೆ ಕ್ಯಾಸೆಟ್ಟಿನಲ್ಲಿ ಮಲಗಲಿ, ಸಾವು ಮಲಗಬಾರದು ಎನ್ನುತ್ತಿದ್ದ. ಇಷ್ಟು ವರ್ಷಗಳಲ್ಲಿ ಓದಿದ ಒಂದು ಸಾವನ್ನೂ ವಾಪಸ್ ತೆಗೆದುಕೊಂಡವನಲ್ಲ. ಕೂದಲು, ಮೊಣಕಾಲು ಎರಡೂ ಕೈಕೊಟ್ಟಿದ್ದ ಮನುಷ್ಯನ ಹತ್ತಿರ ಉಳಿದಿದ್ದ ಬಂಡವಾಳ ಅದೊಂದೇ.

ಅಂಥವನ ಕೋಣೆಗೆ ಕಮಿಟಿಯವರು ಹೊಸ ಕಂಪ್ಯೂಟರ್ ತಂದಿಟ್ಟರು. ಅದನ್ನು ಕಲಿಸಲು ಹಗರಿಬೊಮ್ಮನಹಳ್ಳಿಯಿಂದ ಸುಕನ್ಯಾ ಎಂಬ ಹುಡುಗಿ ಬಂದಳು. ರೇಡಿಯೋ ಇನ್ನು ಮೇಲೆ ಮೊಬೈಲಿನಲ್ಲೂ ಬರುತ್ತದೆ, ಹಡಗಲಿಯಲ್ಲಿ ಕೂತವರೂ ಕೇಳಬಹುದು ಎಂದಳು.

“ನೋಡ್ರಿ ಸ್ವಾಮ್ಯಾರ, ಇದು ಮಧ್ಯಾಹ್ನದ ಡಬ್ಬಿ, ಇದು ಸಂಜಿ ಡಬ್ಬಿ. ನೀವು ಮಾತಾಡಿ ಯಾವ ಡಬ್ಬಿಗೆ ಹಾಕ್ತೀರಿ, ಆ ಟೈಮಿಗೆ ಅದು ತಾನ ಹೋಗತೈತಿ. ನೀವು ಇಲ್ಲಿ ಇರಬೇಕಂತನೂ ಇಲ್ಲ.”

“ನಾನು ಇರದಿದ್ರ ನನ್ನ ಬಾಯಿ ಯಾರು ತೆಗೀತಾರವ್ವಾ?”

“ಕಂಪ್ಯೂಟರ್ ತೆಗೀತೈತ್ರಿ.”

“ಹಂಗಾರ ಪಗಾರನೂ ಅದ ತಗೊಳ್ಳಲಿ ಬಿಡು.”

ಹುಡುಗಿ ನಕ್ಕಳು. ಅವನೂ ನಕ್ಕ. ಆದರೆ ಅಂದೆಲ್ಲ ಆ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರಲಿಲ್ಲ.

ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ, ಕೊಳ್ಳುವ ಮನಸ್ಸಿಲ್ಲದ ಗಿರಾಕಿ ಬಟ್ಟೆಯ ಗುಣಕ್ಕೆ ತಲೆಯಾಡಿಸಿದ ಹಾಗೆ. ಹಾಡು ಹಾಕುವುದನ್ನು ಬೇಗ ಕಲಿತ. ರೆಕಾರ್ಡ್ ಮಾಡಿ ಸಂಜೆ ಡಬ್ಬಿಗೆ ಇಳಿಸುವುದನ್ನೂ ಅವಳ ಸಮಾಧಾನಕ್ಕೆ ಮಾಡಿ ತೋರಿಸಿದ. ಸಾವನ್ನು ಮಾತ್ರ ಮೊದಲಿನಂತೆ ಕೂತು ಬಾಯಾರೆ ಓದುತ್ತಿದ್ದ. ಅವನ ಲೆಕ್ಕದಲ್ಲಿ ಡಬ್ಬಿ ಎಂದರೆ ಬೀರುವಿನ ಖಾನೆ; ಕೈ ಹಾಕಿ ತೆಗೆಯುವ ತನಕ ಒಳಗಿದ್ದದ್ದು ಒಳಗೇ. ಈ ಖಾನೆಗೆ ಒಳಗಿನಿಂದಲೂ ಚಿಲಕ ತೆಗೆಯಲು ಬರುತ್ತದೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಅದೇ ವಾರ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದ ಅವನ ಹೆಂಡತಿ ನೀಲಗಂಗಮ್ಮನ ತಲೆಯ ಮೇಲೆ ಕಾಗೆ ಕೂತಿತು. ಬರೀ ರೆಕ್ಕೆ ಬಡಿದು ಹೋಗಿದ್ದರೆ ಮಾತಿರಲಿಲ್ಲ. ಕೂತು, ಉಗುರು ಊರಿ, ಅವಸರವಿಲ್ಲದೆ ಎದ್ದು ಹೋಯಿತು. ಪಕ್ಕದ ಮಾಳಿಗೆಯಿಂದ ಚೌಡಕ್ಕ ನೋಡಿದಳು. ಚೌಡಕ್ಕ ನೋಡಿದಳೆಂದರೆ ಓಣಿ ನೋಡಿದ ಹಾಗೆ.

“ಕಾಗಿ ತಲಿ ಮುಟ್ಟಿದ್ರ ಸುಮ್ನ ಕುಂದ್ರಬಾರದು ನೀಲಗಂಗಕ್ಕ. ಸತ್ತಳು ಅಂತ ತವರಿಗೆ ಸುದ್ದಿ ಕಳಸ್ರಿ. ಅವರು ಖರೇ ಅಂತ ತಿಳ್ಕೊಂಡು ಅಳಬೇಕು. ಅತ್ತ ಮ್ಯಾಲ ಸುಳ್ಳು ಅಂತ ಹೇಳಿದ್ರಾತು, ದೋಷ ಹೋಗತೈತಿ.”

ತವರೆಂದರೆ ಹೂವಿನಹಡಗಲಿ. ಅಲ್ಲಿರುವವನು ಅವಳ ತಮ್ಮ ಕೊಟ್ರಬಸಪ್ಪ, ಮಲ್ಲಿಗೆ ವ್ಯಾಪಾರಿ.

“ಬ್ಯಾರೇ ಯಾರ ಕೈಲಿಂದಾದ್ರೂ ಹೇಳಸು,” ಎಂದ ಹಾಲಸ್ವಾಮಿ. “ನನ್ನ ಬಾಯಾಗ ಸುಳ್ಳು ಸಾವು ಬರಂಗಿಲ್ಲ.”

“ಬ್ಯಾರೇದವರು ಹೇಳಿದ್ರ ಅವನು ನಂಬಂಗಿಲ್ರಿ,” ಎಂದಳು ನೀಲಗಂಗಮ್ಮ. “ನಿಮ್ಮ ದನಿ ಕೇಳಿದ್ರನ ಅಳೋದು. ಊರ ಮಂದಿ ಸತ್ತದ್ದೆಲ್ಲಾ ಓದೀರಿ, ಹೆಂಡ್ತಿ ಉಳೀಲಿ ಅಂತ ಒಂದು ಓದಾಕ ಆಗಂಗಿಲ್ಲೇನು?”

ಮರುದಿನ ಬೆಳಿಗ್ಗೆ ನೀಲಗಂಗಮ್ಮ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತಳು. ಹಾಲಸ್ವಾಮಿ ಚಪ್ಪಲಿ ಮೆಟ್ಟಿ ರೇಡಿಯೋ ಕೋಣೆಗೆ ಹೊರಟ.

ಭಾವಮೈದುನನಿಗೆ ನೇರ ಫೋನ್ ಮಾಡಿದರೆ ಹತ್ತು ಪ್ರಶ್ನೆ ಕೇಳುತ್ತಾನೆ, ಸುಳ್ಳು ಸಿಕ್ಕಿಬೀಳುತ್ತದೆ. ರೇಡಿಯೋದಲ್ಲಿ ಓದಿದ ಹಾಗೆ ರೆಕಾರ್ಡ್ ಮಾಡಿ ಅವನೊಬ್ಬನ ಮೊಬೈಲಿಗೆ ಕಳಿಸಿದರಾಯಿತು. ಸುಕನ್ಯಾ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂತ. “ತಿಳಿಸಲು ವಿಷಾದವಾಗುತ್ತದೆ. ಕೊಟ್ಟೂರಿನ ಹಾಲಸ್ವಾಮಿಯವರ ಧರ್ಮಪತ್ನಿ ನೀಲಗಂಗಮ್ಮನವರು ಲಿಂಗೈಕ್ಯರಾಗಿದ್ದಾರೆ.” ಇಬ್ಬರು ಬಂದು ಹೇಳದೆ ಅವನು ಓದಿದ ಮೊದಲ ಸಾವು ಅದು. ಅದನ್ನು ಇಡಲು ಅವನಿಗೆ ಗೊತ್ತಿದ್ದ ಜಾಗ ಒಂದೇ, ಸಂಜೆ ಡಬ್ಬಿ. ಅಲ್ಲಿಂದ ಮೊಬೈಲಿಗೆ ಸಾಗಿಸುವುದನ್ನು ಹುಡುಗಿಯ ಹತ್ತಿರ ಕೇಳಬೇಕಿತ್ತು. ಯಾವ ಬಾಯಿಂದ ಕೇಳುವುದು? ನಾಳೆ ನೋಡೋಣ ಎಂದುಕೊಂಡ. ಅಂದು ಊರಿನಲ್ಲಿ ಬೇರೆ ಯಾರೂ ಸತ್ತಿರಲಿಲ್ಲ, ಆರಕ್ಕೆಲ್ಲ ಹೊರಬಿದ್ದ.

ಎರ್ರೆಪ್ಪನ ಹೋಟೆಲಿನಲ್ಲಿ ಕೂತು ಚಹಾ ಊದುತ್ತಿದ್ದಾಗ ರೇಡಿಯೋದ ಹಾಡು ನಿಂತಿತು. “ತಿಳಿಸಲು ವಿಷಾದವಾಗುತ್ತದೆ,” ಎಂದಿತು ಗೂಡಿನೊಳಗಿನ ರೇಡಿಯೋ. ಮಿರ್ಚಿ ತಿನ್ನುತ್ತಿದ್ದವರು ದವಡೆ ನಿಲ್ಲಿಸಿ ಹಾಲಸ್ವಾಮಿಯ ಬಾಯಿ ನೋಡಿದರು. ಅದು ಮುಚ್ಚಿತ್ತು. ಆಮೇಲೆ ಹೆಸರು ಬಂತು.

ಎಲ್ಲರಿಗಿಂತ ಮೊದಲು ನಂಬಿದವನು ಹಾಲಸ್ವಾಮಿಯೇ. ತಾನೇ ಓದಿದ್ದು, ತಾನೇ ಡಬ್ಬಿಗೆ ಇಳಿಸಿದ್ದು ಎಂದು ನೆನಪಾಗುವಷ್ಟರಲ್ಲಿ ಕಾಲು ಮನೆಯ ಅರ್ಧ ದಾರಿ ಓಡಿತ್ತು. ಆ ದನಿ ಸುಳ್ಳು ಹೇಳಿದ್ದನ್ನು ಅವನೂ ಎಂದೂ ಕೇಳಿರಲಿಲ್ಲ.

ನೀಲಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಮಂದಿ ಸೇರಿತು. ಮೊಬೈಲಿನಲ್ಲಿ ಕೇಳಿದ ಕೊಟ್ರಬಸಪ್ಪ ಹಡಗಲಿಯಿಂದ ಬಾಡಿಗೆ ಕಾರಿನಲ್ಲಿ ಬುಟ್ಟಿ ತುಂಬ ಮಲ್ಲಿಗೆ ಹೇರಿಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ಬಂದ. ಅಕ್ಕ ನೀರಿನ ತಂಬಿಗೆ ಹಿಡಿದು ಎದುರಾದಾಗ ಹೊಸ್ತಿಲಲ್ಲೇ ಕುಸಿದ.

“ಅತ್ತಿದ್ದು ಸಾಕು, ಒಳಗ ಬಾರೋ. ರೊಟ್ಟಿ ಬಿಸಿ ಅದಾವು.”

“ಮಾವ, ನಿಮ್ಮ ಕಂಪ್ಯೂಟರಿಗೆ ಬೆಂಕಿ ಹತ್ತಲಿ!” ಎಂದ ಕೊಟ್ರಬಸಪ್ಪ, ಕಾಗೆಯ, ಡಬ್ಬಿಯ ಕತೆಯೆಲ್ಲ ಕೇಳಿದ ಮೇಲೆ.

“ಒಬ್ಬ ತಮ್ಮ ಅಳಬೇಕಿತ್ತು, ಇಡೀ ಸೀಮಿನ ಅತ್ತೈತಿ,” ಎಂದು ಚೌಡಕ್ಕ ಹಿಗ್ಗಿದಳು. “ನೀಲಗಂಗಕ್ಕಗ ಇನ್ನ ಸಾವು ಇಲ್ಲ ಬಿಡ್ರಿ!”

ಮಂದಿ ನಕ್ಕಿತು. ಮಲ್ಲಿಗೆಯನ್ನು ಓಣಿಯ ಹೆಂಗಸರು ಹಂಚಿಕೊಂಡು ಮುಡಿದರು. ಹಾಲಸ್ವಾಮಿಗೆ ಮಾತ್ರ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ.

ಮರುದಿನ ಮೈಕಿನಲ್ಲಿ ತಪ್ಪಾಯಿತು ಎಂದ. ಆದರೆ ಒಮ್ಮೆ ಕಲಬೆರಕೆ ಸಿಕ್ಕ ಅಂಗಡಿಗೆ ಗಿರಾಕಿ ಬರುವ ರೀತಿಯೇ ಬೇರೆ; ಬರುತ್ತಾನೆ, ಮೂಸಿ ನೋಡುತ್ತಾನೆ. ಕೋಗಳಿಯ ಕರಿಸಿದ್ದಪ್ಪ ತೀರಿಕೊಂಡಾಗ ಇಬ್ಬರನ್ನು ಎದುರು ನಿಲ್ಲಿಸಿಕೊಂಡೇ ಓದಿದ. ಓದಿ ಮುಗಿಯುವ ಮೊದಲೇ ಫೋನ್ ಬಂತು: “ಖರೇನ್ರಿ, ಇಲ್ಲಾ ಮತ್ತ ಕಾಗಿ ಕುಂತಿತ್ತಾ?”

“ಡಬ್ಬಿ ವಿಷಯ ನಾನು ಬಿಡಿಸಿ ಹೇಳಬೇಕಿತ್ರಿ,” ಎಂದಳು ಸುಕನ್ಯಾ.

“ನೀ ಹೇಳಿದ್ದಿ ತಂಗಿ. ನಾನ ಕೇಳಲಿಲ್ಲ.”

ನೀಲಗಂಗಮ್ಮನ ತಲೆ ಸುತ್ತು ಹೋಗಿರಲಿಲ್ಲ. ದೋಷ ಹೋಯಿತಲ್ಲ ಎಂದು ಯಾರೂ ಆಸ್ಪತ್ರೆಯ ಮಾತೆತ್ತಲಿಲ್ಲ. ಅವಳು ಗೋಡೆ ಹಿಡಿದು ನಡೆಯುವುದನ್ನು ಹಾಲಸ್ವಾಮಿ ನೋಡುತ್ತಿದ್ದ. ನೋಡಿ, ಮಾಳಿಗೆಯ ಮೇಲಿನ ಕಾಗೆಗಳನ್ನು ಓಡಿಸಿ ಬರುತ್ತಿದ್ದ. ಅವು ಮತ್ತೆ ಬಂದು ಕೂರುತ್ತಿದ್ದವು.

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅದೇ ಮೆಟ್ಟಿಲ ಮೇಲೆ ಕೂತ ನೀಲಗಂಗಮ್ಮ ಮತ್ತೆ ಏಳಲಿಲ್ಲ.

ಹಾಲಸ್ವಾಮಿ ಮೊದಲು ಹಡಗಲಿಗೆ ಫೋನ್ ಮಾಡಿದ. “ಬಸಪ್ಪ, ನಿಮ್ಮಕ್ಕ ಹೋದ್ಲು.”

ಆ ಕಡೆ ತೂಕದ ಸದ್ದು, ಕೂಲಿಯವರ ಗದ್ದಲ, ನಡುವೆ ನಗು. “ಮಾವ, ಈ ಸಲ ಬುಟ್ಟಿ ಬರಂಗಿಲ್ಲ. ಹೋದ ಸಲದ್ದು ನಿಮ್ಮ ಓಣ್ಯಾಗಿನ ಹೆಣ್ಮಕ್ಕಳು ಮುಡ್ಕೊಂಡಾರ.” ಫೋನ್ ಕಟ್ಟಾಯಿತು.

ಸಂಜೆ ಅವನು ಚೌಡಕ್ಕನನ್ನು ಕರೆದುಕೊಂಡು ರೇಡಿಯೋ ಕೋಣೆಗೆ ಹೋದ. ತಾನೊಬ್ಬ, ಆಕೆಯೊಬ್ಬಳು, ಇಬ್ಬರಾಯಿತು, ತನ್ನ ಕಟ್ಟಳೆಯಂತೆಯೇ. ಮೈಕಿನ ಮುಂದೆ ಕೂತು ಓದಿದ. ಹೋದ ಸಲಕ್ಕಿಂತ ಒಂದಕ್ಷರ ಬೇರೆಯಿರಲಿಲ್ಲ, ದನಿಯೂ ನಡುಗಲಿಲ್ಲ. ಅಷ್ಟು ವರ್ಷ ಪಳಗಿದ ಗಂಟಲು, ಎಡವಟ್ಟಾದದ್ದು ಅಲ್ಲಿಯೇ. ಫೋನುಗಳು ಶುರುವಾದವು. “ಹಳೇದ ಹಾಕೀರಿ, ತೆಗೀರಿ!” ಎಂದರು ಕೆಲವರು. ಒಬ್ಬ, ರೊಟ್ಟಿ ಬಿಸಿ ಅದಾವೇನು ಎಂದು ಕೇಳಿದ.

ಸುಕನ್ಯಾ ಫೋನನ್ನು ಮಗುಚಿಟ್ಟು ಒಳಗೆ ಬಂದಳು. ಎಂದೂ ಮೈಕಿಗೆ ಬಾಯಿ ಕೊಟ್ಟವಳಲ್ಲ. “ನಾನು ಸುಕನ್ಯಾ. ಈಗ ಕೇಳಿದ್ದು ಡಬ್ಬಿಯೊಳಗಿಂದಲ್ರಿ. ನೀಲಗಂಗಮ್ಮ ಖರೇನ ತೀರಿಕೊಂಡಾರ...” ಅಷ್ಟಕ್ಕೇ ದನಿ ಒಡೆಯಿತು.

ಆಗ ಊರವರು ಮನೆಗೆ ಬಂದರು. “ಆ ಹುಡುಗಿ ಹೇಳಿದ್ಲು, ಹಂಗಾರ ಖರೇ ಇರಬೇಕು ಅಂತ ಬಂದ್ವಿ ಸ್ವಾಮ್ಯಾರ,” ಎಂದು ಒಬ್ಬೊಬ್ಬರೇ ಕೈ ಹಿಡಿದು ಹೇಳಿದರು, ಅದೇ ದೊಡ್ಡ ಸಮಾಧಾನವೆಂಬಂತೆ. ಹಾಲಸ್ವಾಮಿ ಪ್ರತಿಯೊಬ್ಬರಿಗೂ ತಲೆಯಾಡಿಸಿದ.

ಬೆಳಿಗ್ಗೆ ಬಸ್ಸಿನಲ್ಲಿ ಕೊಟ್ರಬಸಪ್ಪ ಬಂದ. ಅವನ ಅಷ್ಟೂ ಹೂವು ದಾವಣಗೆರೆಯ ಗಾಡಿಗೆ ಹೋಗಿಬಿಟ್ಟಿತ್ತು. ಬುಟ್ಟಿ ಹೊತ್ತು ರೂಢಿಯಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಅಳಲೂ ತೋಚದೆ, ಹೊಸ್ತಿಲಲ್ಲಿ ನಿಂತ.

“ನಾನು ಹೇಳಿದ್ದೆನಲ್ಲೋ,” ಎಂದ ಹಾಲಸ್ವಾಮಿ. “ಯಾರು ಹೇಳಿದ್ದಕ್ಕ ಬಂದಿ?”

“ಆ ಹುಡುಗಿ, ಮಾವ,” ಎಂದ ಕೊಟ್ರಬಸಪ್ಪ. “ರೇಡಿಯೋದಾಗ.”