ಕುದುರೆಯ ಕಿವಿ ಹಿಡಿದ ಮಗು

ರಾಯಿಕೋಡಿನಲ್ಲಿ ಸೋದರತ್ತೆ ನೀಲಮ್ಮನ ಮುಂದೆ ಫೋಟೋದ ಕಟ್ಟು ಬಿಚ್ಚಿದೊಡನೆ ಹಳೇ ಅಂಟಿನ ವಾಸನೆ ಮೂಗಿಗೆ ಬಂತು. ಬಹಳ ವರ್ಷ ತಾಂಡೂರಿನ ನಮ್ಮ ಮನೆಯ ಗೋಡೆಯಲ್ಲಿ ತೂಗಿದ ಫೋಟೋ ಅದು. ಜಹೀರಾಬಾದಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಮೆಟ್ಟಿಲು, ಹೂಕುಂಡ ಬರೆದ ಪರದೆ. ಮುಂದೆ ಕಟ್ಟಿಗೆಯ ಕುದುರೆ. ಅದಕ್ಕೆ ಉಳಿದಿದ್ದ ಒಂದೇ ಕಿವಿಯನ್ನು ಬಿಗಿಯಾಗಿ ಹಿಡಿದು, ಮೊಗ್ಗಿನ ಜಡೆ ಮುಂದಕ್ಕೆ ಬಿಟ್ಟುಕೊಂಡು, ಲಂಗ ತೊಟ್ಟು ನಿಂತ ಮೂರು ವರ್ಷದ ನಾನು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೇ ಕುದುರೆಯ ಜತೆ ಬೇರೆ ಬೇರೆ ಮಕ್ಕಳು ನಿಂತಿದ್ದಾರೆ. ನಿಮ್ಮ ಮನೆಯಲ್ಲೂ ಇದ್ದೀತು. ಆ ಕುದುರೆ ಈಗ ಎಲ್ಲಿದೆಯೋ, ಎರಡನೇ ಕಿವಿಯನ್ನು ಯಾವ ಮಗು ಮುರಿಯಿತೋ ಎಂಬ ಕುತೂಹಲ ನನಗೆ ಇಂದಿಗೂ ಹೋಗಿಲ್ಲ. ಅದರ ಬಣ್ಣದ ವಾಸನೆ ಇನ್ನೂ ನೆನಪಿದೆ ಎಂದು ಮೊಮ್ಮಕ್ಕಳ ಮುಂದೆ ಜಂಬ ಕೊಚ್ಚುತ್ತಿದ್ದೆ.

ಅಣ್ಣ ಶರಣಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ನಾರಾಯಣಖೇಡದಲ್ಲಿರುವ ಅವನ ಮಗಳು ಅಪ್ಪನ ಚಿಕ್ಕಂದಿನ ಒಂದೇ ಒಂದು ಫೋಟೋಕ್ಕಾಗಿ ಹುಡುಕಿ ಸೋತಿದ್ದಳು. ನನ್ನದನ್ನು ತೆಗೆಸಿದ ದಿನ ಅಣ್ಣನದೂ ತೆಗೆಸಿದ್ದರೇ ಎಂದು ಕೇಳಲು ಅತ್ತೆಯ ಬಳಿ ಬಂದಿದ್ದೆ. ಅತ್ತೆ ಫೋಟೋವನ್ನು ಬೆಳಕಿಗೆ ಹಿಡಿದು ನಕ್ಕುಬಿಟ್ಟಳು.

"ಇದು ನೀ ಎಲ್ಲಿ ಅವ್ವಾ? ನಮ್ಮ ಶರಣಪ್ಪ ಅಲ್ಲೇನು! ಜವಳ ತೆಗಿಯೋ ಮೊದಲು ನಿಮ್ಮವ್ವ ಜಡಿ ಹೆಣೆದು, ನನ್ನ ಮಗಳ ಲಂಗ ಹಾಕಿ ಫೋಟೋ ಹೊಡಿಸಿದ್ಲು. ನೀ ಇನ್ನಾ ಹುಟ್ಟಿದ್ದಿಲ್ಲ."

ಗಂಡುಮಗುವಿನ ಮೊದಲ ಕೂದಲು ತೆಗೆಸುವ ಮುನ್ನ ಹೀಗೆ ಹೆಣ್ಣುಮಗುವಿನಂತೆ ಸಿಂಗರಿಸುವುದು ನಮ್ಮಲ್ಲಿತ್ತು. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಹಾಗಾದರೆ ಇದು ನನ್ನದೆಂದು ಹೇಳಿದವರು ಯಾರು?

"ಅವನೇ ಹೇಳ್ಯಾನ. ಓಣಿ ಹುಡುಗ್ಯಾರಿಗೆಲ್ಲ ಫೋಟೋ ಅದಾವ, ನನಗಷ್ಟೇ ಇಲ್ಲ ಅಂತ ನೀ ಊಟ ಬಿಟ್ಟು ಅತ್ತಿದ್ದಿ. ಅಳಬ್ಯಾಡ, ಇದು ನಿಂದೇ ಅಂದ. ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ನಮಗೆಲ್ಲ ಆಣಿ ಹಾಕ್ದ."

ನನ್ನ ಮದುವೆಯಾದಾಗ ಅಣ್ಣ ಅದನ್ನು ತವರಿನ ಗೋಡೆಯಿಂದ ಇಳಿಸಿ, ಟವೆಲ್ಲಿನಲ್ಲಿ ಸುತ್ತಿ, ತಾಂಡೂರಿನವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬಂದಾಗಲೆಲ್ಲ ಅದರ ಮುಂದೆ ನಿಂತು, "ಕುದುರಿಗಿಂತ ನೀನೇ ಛಂದ ಕಾಣ್ತಿ ನೋಡು" ಎಂದು ರೇಗಿಸುತ್ತಿದ್ದ, ನಾನು ಉಬ್ಬಿಹೋಗುತ್ತಿದ್ದೆ. ಈಗ ನೋಡಿದರೆ ಅದೇ ಅಗಲ ಹಣೆ, ಅದೇ ಗದ್ದ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆ ಕುದುರೆಯ ಬಣ್ಣದ ವಾಸನೆ ನನಗೆ ಗೊತ್ತೇ ಇಲ್ಲ. ಗೊತ್ತಿದ್ದವನನ್ನು ಒಮ್ಮೆಯೂ ಕೇಳಲಿಲ್ಲ.

ಅತ್ತೆಯ ಅಂಗಳದಿಂದಲೇ ಅಣ್ಣನ ಮಗಳಿಗೆ ಫೋನ್ ಮಾಡಿದೆ.

"ನಿಮ್ಮಪ್ಪ ಸಿಕ್ಕಾನವ್ವ," ಎಂದೆ. "ನನ್ನ ಮನ್ಯಾಗೇ ಇದ್ದ."