ಕಾಂಗೋ ಸುದ್ದಿ ಓದದ ದಿನ

೧೯೬೧ನೇ ಇಸವಿ ಮುಗಿಯುತ್ತ ಬಂದಿತ್ತು. ನಮ್ಮ ಸೈನ್ಯ ಗೋವಾ ಗೆದ್ದ ಸುದ್ದಿ ಕೇಳಿ ವಿಜಾಪುರದ ಹತ್ತಿರದ ನಮ್ಮ ಇಂಡಿ ಊರಿನ ಪೇಟೆಯಲ್ಲಿ ಪೇಡೆ ಹಂಚಿದ್ದರು. ಆ ಸಂಭ್ರಮದ ನಡುವೆಯೇ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೇನೆ. ಬರೆಯಲು ಕೂತಾಗಲೆಲ್ಲ ಏನೋ ಕೆಲಸದ ನೆವ ಮಾಡಿ ಎದ್ದುಬಿಡುತ್ತಿದ್ದೆ. ಈಗ ವಯಸ್ಸಾಗಿದೆ. ಇನ್ನೂ ಮುಂದೂಡಿದರೆ ಬರೆದ ಹಾಗೆಯೇ!

ನಮ್ಮಪ್ಪ ದರ್ಜಿ. ಮನೆಯ ಪಡಸಾಲೆಯೇ ಅಂಗಡಿ. ಪಡಸಾಲೆಗೂ ಒಳಮನೆಗೂ ನಡುವೆ ಅವ್ವನ ಹಳೇ ಸೀರೆಯ ಪರದೆ. ನಾನು ಆಗ ಮದುವೆಗೆ ಬಂದ ಹುಡುಗಿ. ಪರದೆಯ ಈಚೆ ಕೂತು ಅಂಗಿಗಳಿಗೆ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಹೀಗಾಗಿ ಅಂಗಡಿಯಲ್ಲಿ ಆಡಿದ ಒಂದು ಮಾತೂ ನನ್ನ ಕಿವಿ ತಪ್ಪುತ್ತಿರಲಿಲ್ಲ.

ಅಲ್ಲಿ ಆಡುತ್ತಿದ್ದ ಮಾತುಗಳೋ, ಎಲ್ಲ ಜಗತ್ತಿನವು. ಹುಬ್ಬಳ್ಳಿಯ ಪೇಪರು ಮರುದಿನದ ಬಸ್ಸಿಗೆ ಬರುತ್ತಿತ್ತು. ಊರ ಹೊಲಗಳ ಲೆಕ್ಕ ಬರೆಯುವ ತಲಾಠಿ ಕೆಲಸದಿಂದ ನಿವೃತ್ತರಾಗಿದ್ದ ರೇವಣಸಿದ್ಧಪ್ಪ ಕಾಕಾ ಅದನ್ನು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದುತ್ತಿದ್ದರು. ಅಪ್ಪ ಮಷೀನು ತುಳಿಯುತ್ತ ಕೇಳುತ್ತಿದ್ದ. ಹತ್ತಿ, ಶೇಂಗಾ ವ್ಯಾಪಾರ ಮಾಡುತ್ತಿದ್ದ ಇಮಾಮ್‌ಸಾಬ ಕಾಕಾ ಅಪ್ಪನ ಬಾಲ್ಯದ ಗೆಳೆಯ, ಅವರೂ ತಪ್ಪದೆ ಬರುತ್ತಿದ್ದರು. ರೇವಣಸಿದ್ಧಪ್ಪ ಕಾಕಾ ಅಮೇರಿಕಾದ ಕಡೆ, ಇಮಾಮ್‌ಸಾಬ ಕಾಕಾ ರಷ್ಯಾದ ಕಡೆ. ಇಬ್ಬರೂ ವಿಜಾಪುರ ದಾಟಿ ಹೋದವರಲ್ಲ. ಆದರೆ ಆ ಎರಡು ದೇಶಗಳು ಅವರ ಹೊಲದ ಬದುವಿನ ಮೇಲೇ ಇವೆಯೇನೋ ಎಂಬಂತೆ ಜಗಳ ಕಾಯುತ್ತಿದ್ದರು. ನಾನು ಅವ್ವನ ಮುಂದೆ ಅವರನ್ನು ಅಮೇರಿಕಾ ಕಾಕಾ, ರಷ್ಯಾ ಕಾಕಾ ಎಂದೇ ಕರೆಯುತ್ತಿದ್ದೆ.

ನನ್ನ ಅಣ್ಣ ಶಿವಪುತ್ರ ಮಿಲಿಟರಿ ಸೇರಿದ್ದ. ಆ ವರ್ಷ ಅವನನ್ನು ವಿಶ್ವಸಂಸ್ಥೆಯ ಪರವಾಗಿ ಶಾಂತಿ ಕಾಯಲೆಂದು ಆಫ್ರಿಕಾದ ಕಾಂಗೋಕ್ಕೆ ಕಳಿಸಿದ್ದರು. ಆ ಹೆಸರು ನಮ್ಮ ಮನೆಯವರು ಕೇಳಿದ್ದೇ ಆಗ. ಅವ್ವ ಒಮ್ಮೆ ಪರದೆಯ ಹಿಂದಿನಿಂದಲೇ ಕೇಳಿದಳು.

“ಶಾಂತಿ ಕಾಯಾಕ ಬಂದೂಕು ಯಾಕ ಬೇಕ್ರಿ?”

“ಅದು ಜಗತ್ತಿನ ರಾಜಕಾರಣ ಐತಿ ವೈನಿ, ನಿಮಗ ತಿಳಿಯಂಗಿಲ್ಲ ಬಿಡ್ರಿ” ಎಂದರು ರೇವಣಸಿದ್ಧಪ್ಪ ಕಾಕಾ. ನಮಗೆ ನಿಜಕ್ಕೂ ತಿಳಿದಿರಲಿಲ್ಲ. ಅವರಿಗೆ ಎಷ್ಟು ತಿಳಿದಿತ್ತೋ, ದೇವರೇ ಬಲ್ಲ.

ಅಂದಿನಿಂದ ಪೇಪರಿನಲ್ಲಿ ಕಾಂಗೋ ಎಂಬ ಮಾತು ಬಂದರೆ ಸಾಕು, ಅಪ್ಪನ ಕಾಲು ನಿಲ್ಲುತ್ತಿತ್ತು, ಮಷೀನು ಸುಮ್ಮನಾಗುತ್ತಿತ್ತು. ಓದಿ ಮುಗಿದ ಮೇಲೆಯೇ ಮತ್ತೆ ಶುರು. ಹಾಗಾಗಿ ಕಾಕಾ ಮೊದಲು ಕಾಂಗೋ ಸುದ್ದಿ ಹುಡುಕಿ ಓದಿ, ಆಮೇಲೆ ಉಳಿದದ್ದಕ್ಕೆ ಹೋಗುತ್ತಿದ್ದರು.

ಆ ದಿನ ಅವರು ಹಾಗೆ ಮಾಡಲಿಲ್ಲ. ಬಂದವರೇ ಗೋವಾ ಸುದ್ದಿ ತೆಗೆದರು. ಗೋವಾದ ವಿಷಯಕ್ಕೆ ವಿಶ್ವಸಂಸ್ಥೆಯಲ್ಲಿ ಅಮೇರಿಕಾ ನಮ್ಮ ವಿರುದ್ಧ ಮಾತಾಡಿತ್ತು, ರಷ್ಯಾ ನಮ್ಮ ಪರ ನಿಂತಿತ್ತು. ಇವತ್ತು ಅಮೇರಿಕಾ ಕಾಕಾನ ಕಥೆ ಮುಗಿಯಿತು, ಇಮಾಮ್‌ಸಾಬ ಕಾಕಾ ಬಿಡುವುದಿಲ್ಲ ಎಂದು ನಾನು ಸೂಜಿ ಹಿಡಿದುಕೊಂಡೇ ನಗುತ್ತ ಕೂತಿದ್ದೆ.

“ಅಮೇರಿಕಾದವರನ್ನ ಬೈದು ಏನು ಮಾಡೋದೈತಿ? ಅವರದೂ ಏನರ ತ್ರಾಸು ಇರಬೇಕು” ಎಂದರು ಇಮಾಮ್‌ಸಾಬ ಕಾಕಾ.

“ಇಲ್ಲೋ ಇಮಾಮಾ, ನೀ ದಿನಾ ಹೇಳ್ತಿದ್ದದ್ದ ಖರೆ. ರಷ್ಯಾದವರು ಭಾಳ ದೊಡ್ಡ ಮನಸ್ಸಿನವರು” ಎಂದರು ರೇವಣಸಿದ್ಧಪ್ಪ ಕಾಕಾ.

ನನಗೆ ನಗು ಬಂತು. ಇವರಿಗೇನಾಗಿದೆ ಎಂದುಕೊಂಡೆ. ಅವರು ಹಾಗೆಯೇ ಮುಂದುವರಿದರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂ ಅನ್ನುವುದು, ಹೂಂ ಅಂದ ಮೇಲೆ ಸುಮ್ಮನಾಗುವುದು, ಮತ್ತೆ ಅವಸರದಿಂದ ಇನ್ನೊಂದು ದೇಶ ಹಿಡಿಯುವುದು. ಜಗಳವಿಲ್ಲದ ಅವರ ಮಾತು ಕೇಳಲು ಒಂಥರಾ ಸಂಕಟವಾಗುತ್ತಿತ್ತು.

“ಕಾಂಗೋದ್ದು ಏನೈತ್ರಿ?” ಎಂದು ಅಪ್ಪ ಕೇಳಿದ.

“ಇವತ್ತ ಏನೂ ಇಲ್ಲೋ ಮಲ್ಲಣ್ಣಾ” ಎಂದರು ರೇವಣಸಿದ್ಧಪ್ಪ ಕಾಕಾ. ಮಷೀನು ಮತ್ತೆ ನಡೆಯಿತು. ಅಷ್ಟರಲ್ಲಿ ಇಮಾಮ್‌ಸಾಬ ಕಾಕಾ, “ಊಟ ಆಗಿಲ್ಲಲ್ಲ ನಿಂದು? ಹೋಗು, ಮೊದಲ ಉಂಡು ಬಾ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಏಳೋ, ಉಂಡು ಬಾರೋ” ಎಂದರು. ಅವರ ದನಿ ಸರಿಯಿರಲಿಲ್ಲ.

ನನ್ನ ಕೈಯಲ್ಲಿದ್ದ ಸೂಜಿ ನಿಂತುಬಿಟ್ಟಿತು. ನಮ್ಮ ಕಡೆ ಸಾವಿನ ಸುದ್ದಿ ಮುಟ್ಟಿದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಯಾರೂ ಬಾಯಿಗೆ ತುತ್ತು ಇಡುವುದಿಲ್ಲ. ಅದಕ್ಕೇ ಸುದ್ದಿ ತಂದವರು ಮೊದಲು ಮನೆಯವರ ಊಟ ಆಗಿದೆಯೇ ಎಂದು ನೋಡುತ್ತಾರೆ. ಆಗಿರದಿದ್ದರೆ ಏನಾದರೂ ಮಾತಾಡಿ ಹೊತ್ತು ಕಳೆದು, ಉಂಡ ಮೇಲೆ ಹೇಳುತ್ತಾರೆ. ದೇವಣಗಾಂವದಿಂದ ನಮ್ಮಜ್ಜಿ ತೀರಿದ ಸುದ್ದಿ ತಂದವನೂ ಹೀಗೆಯೇ ಮಾಡಿದ್ದ. ಮಳೆ ಬೆಳೆ ಮಾತಾಡಿಸುತ್ತ ನಮಗೆಲ್ಲ ಉಣ್ಣಿಸಿ, ಆಮೇಲೆ ಬಾಯಿ ಬಿಟ್ಟಿದ್ದ.

ಅಣ್ಣ ಇಲ್ಲ ಎಂದು ನನಗೆ ಹಾಗೆ ತಿಳಿಯಿತು. ಯಾರೂ ಹೇಳಲಿಲ್ಲ.

ಕೂಗಬೇಕು ಅನ್ನಿಸಿತು. ಆದರೆ ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ಸಕ್ಕರೆ ಕಾಯಿಲೆಯವಳು. ಹೊತ್ತಿಗೆ ಉಣ್ಣದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದಳು. ಈಗ ಕೂಗಿದರೆ ನಾಳೆಯವರೆಗೆ, ನಾಡಿದ್ದಿನವರೆಗೆ ಅವಳ ಹೊಟ್ಟೆಗೆ ಏನೂ ಹೋಗುವುದಿಲ್ಲ. ನಾನು ಹಲ್ಲು ಕಚ್ಚಿ ಎದ್ದು ಹೋಗಿ ತಾಟು ಇಟ್ಟೆ.

ಅಪ್ಪ ಒಳಗೆ ಬಂದ. ಅಂಗಿಗೆ ಅರ್ಧ ಹಚ್ಚಿದ ತೋಳನ್ನು ಮಷೀನಿನ ಮೇಲೆಯೇ ಬಿಟ್ಟು ಬಂದಿದ್ದ. ಹಾಗೆ ಬಿಡುವ ಮನುಷ್ಯನಲ್ಲ. ನನ್ನ ಮುಖ ನೋಡಲಿಲ್ಲ. ಕೂತವನು ಅವ್ವನಿಗೆ, “ನೀನೂ ಕೂಡು ಇವತ್ತ” ಎಂದ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುವುದು ಅವ್ವನ ರೂಢಿ. ಅವಳು ನಕ್ಕಳು.

“ಇದೇನು, ಗೋವಾ ಗೆದ್ದ ಖುಷಿ ಏನ್ರಿ?”

“ಹೂಂ, ಹಂಗ ತಿಳಿ. ರೊಟ್ಟಿ ಆರ್ತಾವ, ಕೂಡು.”

ಮೂವರೂ ಕೂತೆವು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಅಪ್ಪ ಅವ್ವನ ತಾಟಿಗೆ ತಾನೇ ಮೊಸರು ಹಾಕಿದ. ಅವ್ವ, ಶಿವಪುತ್ರ ಬಂದರೆ ಇಂಥ ಬದನೆಕಾಯಿ ಬಿಡುವುದಿಲ್ಲ ಎನ್ನುತ್ತ ಉಂಡಳು. ಅಪ್ಪ ತುತ್ತು ಅಗಿದದ್ದು ನಾನು ಕಾಣಲಿಲ್ಲ, ನೀರು ಕುಡಿದು ಕುಡಿದು ನುಂಗುತ್ತಿದ್ದ. ನಾನೂ ಉಂಡೆ. ಉಣ್ಣದಿದ್ದರೆ ಅವ್ವ ಯಾಕೆಂದು ಕೇಳುತ್ತಾಳೆ. ಅಣ್ಣ ಸತ್ತದ್ದು ಗೊತ್ತಿದ್ದೂ ಒಂದು ರೊಟ್ಟಿ ಪೂರ್ತಿ ಉಂಡೆ.

ಕೈ ತೊಳೆದು ಅಪ್ಪ ಪಡಸಾಲೆಗೆ ಹೋದ. ಇಬ್ಬರೂ ಕಾಕಾ ಎದ್ದು ನಿಂತರು. ಇಮಾಮ್‌ಸಾಬ ಕಾಕಾ ಅಪ್ಪನ ಹತ್ತಿರ ಬಂದರು.

“ಗೊತ್ತಾತು ಇಮಾಮಾ” ಎಂದ ಅಪ್ಪ. “ನೀ ಅಮೇರಿಕಾದವರ ಪರ ಮಾತಾಡಿದಾಗನ ಗೊತ್ತಾತು ನನಗ.”

ಇಮಾಮ್‌ಸಾಬ ಕಾಕಾ ಅಪ್ಪನನ್ನು ತಬ್ಬಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ಬೆಳಿಗ್ಗೆ ತಾಲೂಕು ಕಚೇರಿಯ ಸಿಪಾಯಿಯೊಬ್ಬ ನಮ್ಮ ಮನೆ ಎಲ್ಲಿ ಎಂದು ಪೇಟೆಯಲ್ಲಿ ಕೇಳುತ್ತಿದ್ದನಂತೆ. ಈ ಇಬ್ಬರೂ ಕಾಕಾ ಅವನನ್ನು ತಡೆದು ಸುದ್ದಿ ತಿಳಿದುಕೊಂಡು, ಮನೆಯವರು ಉಂಡ ಮೇಲೆ ನಾವೇ ಹೇಳುತ್ತೇವೆ ಎಂದು ಕಳಿಸಿದ್ದರು. ಅಳು ಕೇಳಿ ಅವ್ವ ಮುಸುರೆ ಕೈಯಲ್ಲೇ ಓಡಿ ಬಂದಳು. ಆಮೇಲಿನದನ್ನು ನಾನು ಬರೆಯಲಾರೆ.

ಅಣ್ಣನ ದೇಹ ಬರಲಿಲ್ಲ. ಆ ಮಣ್ಣಿನಲ್ಲೇ ಮಣ್ಣಾದ. ಕೆಲವು ತಿಂಗಳ ಮೇಲೆ ಪೇಪರು ಓದುವುದು ಮತ್ತೆ ಶುರುವಾಯಿತು. ಆದರೆ ಅಮೇರಿಕಾ, ರಷ್ಯಾ ಎಂದು ಯಾರೂ ಜಗಳ ಕಾಯಲಿಲ್ಲ. ಓದುವುದು, ಕೇಳುವುದು, ಎದ್ದು ಹೋಗುವುದು, ಅಷ್ಟೇ.

ಅವ್ವ ಮಾತ್ರ ನಮ್ಮನ್ನು ಕ್ಷಮಿಸಲಿಲ್ಲ. “ಎಲ್ಲಾರಿಗೂ ಗೊತ್ತಿತ್ತು. ನನ್ನ ಮಗ ಹೋದ ದಿನ ನಾ ಒಬ್ಬಾಕಿ ನಕ್ಕೋತ ಹೊಟ್ಟಿ ತುಂಬ ಉಂಡೆ” ಎಂದು ಸಾಯುವವರೆಗೂ ಅನ್ನುತ್ತಿದ್ದಳು. ನಾವು ನಿನ್ನ ಸಲುವಾಗಿ ಹಾಗೆ ಮಾಡಿದೆವು ಎಂದು ಒಮ್ಮೆ ಹೇಳಿದೆ. “ಹಸಿದು ಬಿದ್ದಿದ್ರ ಬೀಳ್ತಿದ್ದೆ. ಆ ದುಃಖ ಆದ್ರೂ ನಂದಾಗಿರ್ತಿತ್ತು” ಎಂದಳು.

ಈಗ ನನ್ನ ಮಕ್ಕಳು ಎಲ್ಲಿಯದೋ ಯುದ್ಧದ ಸುದ್ದಿ ಕೇಳಿ, ಅವರದು ತಪ್ಪು ಇವರದು ಸರಿ ಎಂದು ವಾದಿಸುತ್ತಾರೆ. ನನಗೋ, ಹೆಸರು ಗೊತ್ತಿಲ್ಲದ ಆ ಊರಿನಲ್ಲಿ ಯಾವಳೋ ತಾಯಿ ಈಗ ಉಣ್ಣುತ್ತ ಕೂತಿರಬಹುದು, ಹೊರಗೆ ಯಾರೋ ಅವಳ ಊಟ ಮುಗಿಯಲೆಂದು ಕಾಯುತ್ತಿರಬಹುದು ಅನ್ನಿಸುತ್ತದೆ.